ಕೋಡಿ ಬೀಳದ ಟ್ಯಾಂಕು

ಎಂಜಿನ್ ಕೂಡಿಸಿದ ದೋಣಿಯಿಂದ ನೀರಿಗೆ ಎಣ್ಣೆ ಸೇರಲು ದೊಡ್ಡ ಅಪಘಾತವೇ ನಡೆಯಬೇಕಾಗಿಲ್ಲ. ದಿನವೂ ನಡೆಯುವ ಒಂದು ಸಣ್ಣ ಕೆಲಸ ಸಾಕು: ಟ್ಯಾಂಕಿಗೆ ಪೆಟ್ರೋಲ್ ಅಥವಾ ಡೀಸೆಲ್ ತುಂಬಿಸುವುದು. ಅದರಲ್ಲೂ ಟ್ಯಾಂಕು ಇನ್ನೇನು ತುಂಬಿತು ಎನ್ನುವ ಕೊನೆಯ ಕೆಲವು ಸೆಕೆಂಡುಗಳಲ್ಲಿ ಕಂಠದಿಂದಲೋ ಗಾಳಿಕೊಳವೆಯಿಂದಲೋ ಹೊರಬಂದ ಎಣ್ಣೆ ದೋಣಿಯ ಅಂಚು ದಾಟಿ ನೀರಿಗೆ ಇಳಿಯುತ್ತದೆ. ಪ್ರತಿ ಸಲ ಚೆಲ್ಲುವುದು ಒಂದು ಲೋಟದಷ್ಟೇ ಇರಬಹುದು. ಆದರೆ ಅದು ಬೀಳುವುದು ನಿಂತ ನೀರಿಗೆ, ಅದೂ ಪ್ರತಿ ಸಲ ಅದೇ ಜಾಗಕ್ಕೆ.

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ಮೋಟಾರು ದೋಣಿಗಳು ಓಡಾಡುವ ದೊಡ್ಡ ನೀರು ಎಂದರೆ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಭದ್ರಾ ಜಲಾಶಯ. ಭದ್ರಾ ಅಭಯಾರಣ್ಯದ ಅಂಚಿನ ಈ ಹಿನ್ನೀರಿನಲ್ಲಿ ಪ್ರವಾಸಿಗರ ಸಫಾರಿ ದೋಣಿಗಳೂ ಅರಣ್ಯ ಇಲಾಖೆಯ ಗಸ್ತು ದೋಣಿಗಳೂ ಸಂಚರಿಸುತ್ತವೆ. ಕಡೂರು ತಾಲ್ಲೂಕಿನ ಅಯ್ಯನಕೆರೆ, ಮದಗದ ಕೆರೆಗಳ ಸುತ್ತ ಇಂಥ ದೋಣಿಗಳಿಗಿಂತ ಹೆಚ್ಚಾಗಿ ಕಾಣುವುದು ಪಂಪ್‌ಸೆಟ್, ಟ್ರ್ಯಾಕ್ಟರ್, ಔಷಧ ಸಿಂಪಡಿಸುವ ಯಂತ್ರಗಳು. ಯಂತ್ರ ಯಾವುದಾದರೂ ಎಣ್ಣೆ ಚೆಲ್ಲುವ ಭೌತವಿಜ್ಞಾನ ಒಂದೇ, ತಡೆಯುವ ದಾರಿಯೂ ಒಂದೇ.

ಆ ದಾರಿಯ ತಿರುಳು ಈ ಸೀಮೆಯ ಕೆರೆ ಕಟ್ಟಿದವರಿಗೆ ಗೊತ್ತಿದ್ದ ಸಂಗತಿ. ಕೆರೆಯ ಕೋಡಿ ಏರಿಯ ತಲೆಗಿಂತ ಕೆಳಗಿರಬೇಕು. ನೀರು ಕೋಡಿಯ ಮಟ್ಟಕ್ಕೆ ಬಂದಾಗಲೂ ಅಲೆಗೆ, ಹಠಾತ್ತನೆ ಬರುವ ಮಳೆನೀರಿಗೆ ಏರಿಯ ಮೇಲ್ಭಾಗದಲ್ಲಿ ಒಂದಿಷ್ಟು ಎಡೆ ಉಳಿದಿರುತ್ತದೆ. ಇಂಧನ ಟ್ಯಾಂಕಿಗೂ ಅಂಥದೇ ಎಡೆ ಬೇಕು. ವ್ಯತ್ಯಾಸ ಒಂದೇ: ಕೆರೆ ಕೋಡಿ ಬಿದ್ದರೆ ಊರು ಬಾಗಿನ ಕೊಡುತ್ತದೆ, ಟ್ಯಾಂಕು ಕೋಡಿ ಬಿದ್ದರೆ ಅದರ ಪಾಲು ನೀರಿಗೆ ಹೋಗುತ್ತದೆ.

ಮೂರು ತಾಲ್ಲೂಕು, ಒಂದೇ ನೀರು

ಚೆಲ್ಲಿದ ಎಣ್ಣೆ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಲು ನೀರು ಎಲ್ಲಿಗೆ ಹೋಗುತ್ತದೆ ಎಂದು ನೋಡಬೇಕು. ಬಾಬಾಬುಡನ್‌ಗಿರಿಯ ಮಗ್ಗುಲಿನಲ್ಲಿ ಹುಟ್ಟುವ ವೇದಾ ಹೊಳೆ ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯನ್ನು ತುಂಬಿಸುತ್ತದೆ. ಅವತಿ ಹೊಳೆ ಮದಗದ ಕೆರೆಯನ್ನು ತುಂಬಿಸುತ್ತದೆ. ಎರಡೂ ಕಡೂರಿನ ಬಳಿ ಕೂಡಿ ವೇದಾವತಿಯಾಗಿ ಹಿರಿಯೂರು ಕಡೆಯ ವಾಣಿವಿಲಾಸ ಸಾಗರಕ್ಕೆ ಹರಿಯುತ್ತವೆ. ಇತ್ತ ಭದ್ರೆಯ ಸಹಜ ದಾರಿ ಬೇರೆ. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟುವ ಅದು ಲಕ್ಕವಳ್ಳಿಯ ಅಣೆಕಟ್ಟು ದಾಟಿ ಕೂಡಲಿಯಲ್ಲಿ ತುಂಗೆಯನ್ನು ಸೇರುತ್ತದೆ. ಆದರೆ ಭದ್ರಾ ಮೇಲ್ದಂಡೆ ಯೋಜನೆ ಈ ನೀರಿಗೆ ಇನ್ನೊಂದು ದಾರಿ ತೆರೆಯಿತು. ಜಲಾಶಯದ ನೀರನ್ನು ತರೀಕೆರೆ ತಾಲ್ಲೂಕಿನಲ್ಲಿ ಪಂಪ್ ಮಾಡಿ ಮೇಲೆತ್ತಿ, ಅಜ್ಜಂಪುರದ ಬಳಿಯ ಸುಮಾರು 7 ಕಿ.ಮೀ. ಉದ್ದದ ಸುರಂಗದಿಂದ ಆಚೆಗೆ ಬಿಡಲಾಗುತ್ತದೆ. 2019ರಿಂದ ಹೀಗೆ ಹರಿದ ನೀರು ವಾಣಿವಿಲಾಸ ಸಾಗರವನ್ನೂ ಸೇರಿದೆ. 1933ರ ನಂತರ ಆ ಜಲಾಶಯ ಮೊದಲ ಬಾರಿಗೆ ಕೋಡಿ ಬಿದ್ದದ್ದು 2022ರಲ್ಲಿ.

ಹೀಗೆ ಲಕ್ಕವಳ್ಳಿಯ ಹಿನ್ನೀರು, ಅಯ್ಯನಕೆರೆ, ಮದಗದ ಕೆರೆ ಮೂರಕ್ಕೂ ಕೆಳಗೆ ಒಂದೇ ಬಟ್ಟಲಿದೆ. ಲಕ್ಕವಳ್ಳಿಯ ದಡದಲ್ಲಿ ಬಿದ್ದ ಒಂದು ಲೋಟ ಪೆಟ್ರೋಲ್ ಅಷ್ಟು ದೂರ ಹೋಗುವುದಿಲ್ಲ. ಬಹುಪಾಲು ದಾರಿಯಲ್ಲೇ ಆವಿಯಾಗಿ, ಕರಗಿ, ಸೂಕ್ಷ್ಮಾಣುಗಳಿಗೆ ಆಹಾರವಾಗಿ ಮುಗಿಯುತ್ತದೆ. ಅದರ ಹಾನಿ ಬಿದ್ದ ಜಾಗದಲ್ಲೇ ಹೆಚ್ಚು. ದೋಣಿ ನಿಲ್ಲುವ ಜಾಗವೆಂದರೆ ಸಾಮಾನ್ಯವಾಗಿ ದಡದ ಬಳಿಯ ಆಳವಿಲ್ಲದ, ಅಲೆ ಕಡಿಮೆಯಿರುವ ಮೂಲೆ. ಮೀನು ಮೊಟ್ಟೆಯಿಡುವುದು, ಮರಿಗಳು ಮೇಯುವುದು, ಜಾನುವಾರು ನೀರಿಗಿಳಿಯುವುದು ಅಂಥ ಕಡೆಯೇ.

ಒಂದು ಲೀಟರಿಗೆ ಎಷ್ಟು ಗುಂಟೆ

ಪೆಟ್ರೋಲಿನ ಸಾಂದ್ರತೆ ಸುಮಾರು 0.74, ಡೀಸೆಲ್‌ನದು ಸುಮಾರು 0.83. ನೀರಿಗಿಂತ ಹಗುರವಾದ್ದರಿಂದ ಎರಡೂ ತೇಲುತ್ತವೆ, ತೇಲುತ್ತ ಹರಡುತ್ತವೆ. ಎಣ್ಣೆಯ ಪೊರೆಯ ಬಣ್ಣ ನೋಡಿ ಅದರ ದಪ್ಪ ಅಂದಾಜು ಮಾಡುವ ಕ್ರಮವೊಂದು ಸಮುದ್ರ ಕಾವಲಿನವರಲ್ಲಿ ಬಳಕೆಯಲ್ಲಿದೆ. ಅದರ ಪ್ರಕಾರ ಬೆಳ್ಳಿಯಂತೆ ಮಂಕಾಗಿ ಹೊಳೆಯುವ ಪೊರೆಯ ದಪ್ಪ 0.04ರಿಂದ 0.3 ಮೈಕ್ರಾನ್. ಕಾಮನಬಿಲ್ಲಿನ ಬಣ್ಣ ಕಂಡರೆ ದಪ್ಪ 0.3 ಮೈಕ್ರಾನಿಗಿಂತ ಹೆಚ್ಚು, 5 ಮೈಕ್ರಾನಿನ ಒಳಗೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು.

ಬಣ್ಣ ಎಣ್ಣೆಯದಲ್ಲ, ಬೆಳಕಿನದು. ಪೊರೆಯ ಮೇಲ್ಮೈಯಿಂದ ಮರಳಿದ ಬೆಳಕೂ ಅದರ ಅಡಿಯಿಂದ ಮರಳಿದ ಬೆಳಕೂ ಕಣ್ಣಿಗೆ ಒಟ್ಟಿಗೆ ಬರುತ್ತವೆ. ಬೆಳಕಿನ ಅಲೆಯುದ್ದ 0.4ರಿಂದ 0.7 ಮೈಕ್ರಾನ್. ಪೊರೆಯ ದಪ್ಪ ಅದರ ಆಸುಪಾಸಿನಲ್ಲಿದ್ದಾಗ ಕೆಲವು ಬಣ್ಣದ ಅಲೆಗಳು ಒಂದನ್ನೊಂದು ಬಲಪಡಿಸುತ್ತವೆ, ಕೆಲವು ಅಳಿಸುತ್ತವೆ. ಮಳೆ ಬಿದ್ದ ರಸ್ತೆಯಲ್ಲಿ, ಬಂಕಿನ ಮುಂದಿನ ಗುಂಡಿಯಲ್ಲಿ ಕಾಣುವ ಬಣ್ಣವೂ ಇದೇ.

ಇನ್ನು ಲೆಕ್ಕ. ಒಂದು ಗುಂಟೆ ಸುಮಾರು 101 ಚದರ ಮೀಟರ್. ಒಂದು ಲೀಟರ್ ಎಣ್ಣೆ 0.3 ಮೈಕ್ರಾನ್ ದಪ್ಪಕ್ಕೆ ಹರಡಿದರೆ ಆವರಿಸುವ ನೀರು ಸುಮಾರು 3,300 ಚದರ ಮೀಟರ್, ಅಂದರೆ 33 ಗುಂಟೆ. ಬರಿಗಣ್ಣಿಗೆ ಕಾಣುವ ಅತಿ ತೆಳು ಪೊರೆಯಾಗಿ, 0.04 ಮೈಕ್ರಾನಿಗೆ ಹರಡಿದರೆ ಆರು ಎಕರೆ. ಒಂದು ಟೀ ಚಮಚ, ಅಂದರೆ 5 ಮಿಲಿಲೀಟರ್ ಎಣ್ಣೆಗೆ ಒಂದು ಗುಂಟೆಗೂ ತುಸು ಹೆಚ್ಚು ನೀರನ್ನು ಮುಚ್ಚುವ ಶಕ್ತಿಯಿದೆ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಕ್ಲಾಪಮ್ ಬಯಲಿನ ಕೊಳದಲ್ಲಿ ಒಂದು ಚಮಚ ಎಣ್ಣೆ ಹಾಕಿ, ಅರ್ಧ ಎಕರೆಯಷ್ಟು ನೀರಿನ ಅಲೆ ಅಡಗಿದ್ದನ್ನು ಕಂಡು 1774ರಲ್ಲಿ ಪ್ರಕಟಿಸಿದ್ದ. ಅವನು ಬಳಸಿದ ಖಾದ್ಯ ತೈಲದ ಬಗೆಯ ಎಣ್ಣೆ ಇಂಧನಕ್ಕಿಂತಲೂ ತೆಳುವಾಗಿ ಹರಡುತ್ತದೆ.

ಹೊಳಪು ಮಾಯವಾದರೆ ಹಾನಿಯೂ ಮಾಯವಾಯಿತು ಎನ್ನುವಂತಿಲ್ಲ. ಪೆಟ್ರೋಲ್ ಬಿಸಿಲಿನಲ್ಲಿ ಬೇಗ ಆವಿಯಾಗುತ್ತದೆ, ನಿಜ. ಆದರೆ ಅದರಲ್ಲಿನ ಬೆಂಜೀನ್, ಟಾಲ್ಯೂಯೀನ್‌ಗಳಂಥ ವಿಷಕಾರಿ ಅಂಶಗಳೇ ನೀರಿನಲ್ಲಿ ಉಳಿದವುಗಳಿಗಿಂತ ಹೆಚ್ಚು ಕರಗುತ್ತವೆ. ಡೀಸೆಲ್ ನಿಧಾನವಾಗಿ ಆವಿಯಾಗುತ್ತದೆ. ಅದರ ಭಾರದ ಅಂಶ ದಡದ ಕೆಸರಿಗೆ, ಜೊಂಡಿನ ಬುಡಕ್ಕೆ ಅಂಟಿ ದಿನಗಟ್ಟಲೆ ಉಳಿಯುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ 2012ರಲ್ಲಿ ಹಾಕಿದ ಮಾನದಂಡ ಖನಿಜ ತೈಲಕ್ಕೆ ಕೊಟ್ಟ ಮಿತಿ ಲೀಟರಿಗೆ 0.5 ಮಿಲಿಗ್ರಾಂ. ಒಂದು ಲೀಟರ್ ಡೀಸೆಲ್ ಪೂರ್ತಿ ಬೆರೆತರೆ 16 ಲಕ್ಷಕ್ಕೂ ಹೆಚ್ಚು ಲೀಟರ್ ನೀರನ್ನು ಆ ಮಿತಿಯ ಅಂಚಿಗೆ ತರಬಲ್ಲದು.

ತೆಳು ಪೊರೆ ಜೀವಿಗಳಿಗೆ ಏನು ಮಾಡುತ್ತದೆ ಎಂಬುದು ಮಲೇರಿಯಾ ಕಾಡಿದ ಮಲೆನಾಡಿಗೆ ಹೊಸ ಸಂಗತಿಯಲ್ಲ. ಸೊಳ್ಳೆಯ ಮರಿಗಳು ಉಸಿರಾಡಲು ನೀರಿನ ಮೇಲ್ಮೈಗೆ ಬರುತ್ತವೆ. ಅಲ್ಲಿ ಎಣ್ಣೆಯ ಪೊರೆ ಇದ್ದರೆ ಉಸಿರಿನ ರಂಧ್ರ ಕಟ್ಟಿ ಸಾಯುತ್ತವೆ. ನಿಂತ ನೀರಿಗೆ ಸೀಮೆಎಣ್ಣೆ ಚಿಮುಕಿಸುವ ಸೊಳ್ಳೆ ನಿಯಂತ್ರಣ ಕ್ರಮ ನಿಂತದ್ದು ಇದರ ಮೇಲೆಯೇ. ಸೊಳ್ಳೆ ಮರಿಯನ್ನು ಕೊಲ್ಲುವ ಪೊರೆ ನೀರಿನ ಮೇಲೆ ಓಡಾಡುವ ಇತರ ಹುಳುಗಳನ್ನೂ, ಮೇಲ್ಪದರಕ್ಕೆ ಬರುವ ಮೀನುಮರಿಗಳನ್ನೂ ಬಿಡುವುದಿಲ್ಲ. ಭದ್ರಾ ಹಿನ್ನೀರಿನಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಬೇಸಿಗೆಯಲ್ಲಿ ನೀರು ಇಳಿದು ನಡುಗಡ್ಡೆಗಳು ತಲೆಯೆತ್ತಿದಾಗ ಅಲ್ಲಿ ರೀವ ಹಕ್ಕಿಗಳು ದೊಡ್ಡ ಸಂಖ್ಯೆಯಲ್ಲಿ ಮೊಟ್ಟೆಯಿಡುತ್ತವೆ. ಲಕ್ಕವಳ್ಳಿಯ ಜಂಗಲ್ ಲಾಡ್ಜಸ್ ಸಂಸ್ಥೆಯ ರಿವರ್ ಟರ್ನ್ ಲಾಡ್ಜ್ ಹೆಸರು ಪಡೆದದ್ದು ಈ ಹಕ್ಕಿಯಿಂದಲೇ. ರೀವ ನೀರಿಗೆ ಧುಮುಕಿ ಮೀನು ಹಿಡಿಯುವ ಹಕ್ಕಿ. ಎಣ್ಣೆ ತಗುಲಿದರೆ ಗರಿಯ ಎಳೆಗಳ ಹೆಣಿಗೆ ಸಡಿಲವಾಗಿ ನೀರು ಒಳಗಿಳಿಯುತ್ತದೆ. ಗರಿ ತೀಡಿಕೊಳ್ಳುವಾಗ ಎಣ್ಣೆ ಹೊಟ್ಟೆಗೂ ಹೋಗುತ್ತದೆ. ಎದೆಗೆ ಅಂಟಿದ ಎಣ್ಣೆ ಕಾವು ಕೊಡುವಾಗ ಮೊಟ್ಟೆಗೆ ತಗುಲಿದರೆ ಒಂದು ಹನಿಗಿಂತ ಕಡಿಮೆ ಪ್ರಮಾಣವೂ ಒಳಗಿನ ಮರಿಗೆ ಮಾರಕವಾಗಬಹುದು.

ಗಾಳಿಗೂ ದಾರಿ ಬೇಕು

ಖಾಲಿ ಟ್ಯಾಂಕು ನಿಜವಾಗಿ ಖಾಲಿಯಲ್ಲ, ಅದರ ತುಂಬ ಗಾಳಿ ಮತ್ತು ಇಂಧನದ ಆವಿ ಇದೆ. ಒಂದು ಲೀಟರ್ ಇಂಧನ ಒಳಗೆ ಹೋಗಬೇಕಾದರೆ ಒಂದು ಲೀಟರ್ ಗಾಳಿ ಹೊರಗೆ ಬರಬೇಕು. ದೋಣಿಗೆ ಕಟ್ಟಿ ಕೂರಿಸಿದ ಟ್ಯಾಂಕುಗಳಲ್ಲಿ ಇದಕ್ಕೆಂದೇ ಒಂದು ಸಣ್ಣ ಗಾಳಿಕೊಳವೆ ಇರುತ್ತದೆ. ಅದರ ತುದಿ ದೋಣಿಯ ಹೊರಮೈಯಲ್ಲಿ, ನೀರಿನ ಮೇಲಕ್ಕೆ ತೆರೆದುಕೊಂಡಿರುತ್ತದೆ. ಎಂಜಿನ್ ಓಡುವಾಗ ಇದೇ ದಾರಿಯಿಂದ ಗಾಳಿ ಒಳಗೆ ಬರುತ್ತದೆ.

ತೊಂದರೆ ಹುಟ್ಟುವುದು ಇಲ್ಲಿಯೇ. ಇಂಧನ ಬರುವ ವೇಗಕ್ಕೆ ತಕ್ಕಂತೆ ಗಾಳಿ ಹೊರಹೋಗದಿದ್ದರೆ ಒಳಗೆ ಒತ್ತಡ ಏರಿ ಎಣ್ಣೆ ತುಂಬುವ ಕಂಠದಿಂದಲೇ ಹಿಂದಕ್ಕೆ ಚಿಮ್ಮುತ್ತದೆ. ಟ್ಯಾಂಕು ಪೂರ್ತಿ ತುಂಬಿದ ಮೇಲೂ ಹಾಕುತ್ತಿದ್ದರೆ ಗಾಳಿಯ ದಾರಿಯಲ್ಲಿ ಎಣ್ಣೆಯೇ ಏರಿ ಹೊರಗೆ ಸುರಿಯುತ್ತದೆ. ಗಾಳಿಗೆಂದು ಇಟ್ಟ ಕಿಂಡಿ ಕೋಡಿಯಾಗುವುದು ಹೀಗೆ. ತುಂಬುವವನ ಕಣ್ಣು ಕಂಠದ ಮೇಲಿರುತ್ತದೆ. ಗಾಳಿಕೊಳವೆ ದೋಣಿಯ ಆಚೆ ಮಗ್ಗುಲಲ್ಲಿರುತ್ತದೆ. ನೀರಿನ ಮೇಲೆ ಬಣ್ಣ ಹರಡಿದ ಮೇಲೆಯೇ ಅವನಿಗೆ ತಿಳಿಯುವುದು.

ಗಾಳಿಕೊಳವೆ ಕಟ್ಟಿಕೊಳ್ಳುವುದಕ್ಕೆ ಊರಕಡೆ ಒಂದು ಸಾಮಾನ್ಯ ಕಾರಣ ಕಣಜ. ಮಣ್ಣಿನ ಗೂಡು ಕಟ್ಟುವ ಕುಂಬಾರ ಹುಳಕ್ಕೆ ಬೆರಳಗಲದ ಕೊಳವೆ ಹೇಳಿ ಮಾಡಿಸಿದ ಮನೆ. ಕೆಲವು ವಾರ ಓಡಿಸದೆ ನಿಲ್ಲಿಸಿದ ದೋಣಿ, ಜನರೇಟರ್, ಪಂಪ್‌ಸೆಟ್‌ಗಳ ಗಾಳಿಕಿಂಡಿಯನ್ನು ತುಂಬಿಸುವ ಮುಂಚೆ ನೋಡಲೇಬೇಕು. ಕೊಳವೆಯ ಬಾಯಿಗೆ ಸಣ್ಣ ಜಾಲರಿ ಕಟ್ಟಿದರೆ ಹುಳ ಒಳಗೆ ಹೋಗುವುದಿಲ್ಲ.

ಕ್ಯಾನಿನಿಂದ ಸುರಿಯುವಾಗ ಗಾಳಿಯ ಸಮಸ್ಯೆ ತಲೆಕೆಳಗಾಗುತ್ತದೆ. ಒಂದೇ ಬಾಯಿಯಿಂದ ಎಣ್ಣೆ ಹೊರಬರಬೇಕು, ಗಾಳಿ ಒಳಹೋಗಬೇಕು. ಎರಡೂ ಸರದಿಯ ಮೇಲೆ ಓಡಾಡುವುದರಿಂದ ಗಳಗಳ ಸದ್ದಿನೊಂದಿಗೆ ಎಣ್ಣೆ ಎಗರೆಗರಿ ಬೀಳುತ್ತದೆ. ಕ್ಯಾನಿನ ಬಾಯಿಯನ್ನು ಕೆಳಗೆ ಮಾಡದೆ, ಅದು ಮೇಲ್ಬದಿಯಲ್ಲಿ ಬರುವಂತೆ ಕ್ಯಾನನ್ನು ಅಡ್ಡ ಹಿಡಿದು ಬಾಗಿಸಿದರೆ ಎಣ್ಣೆಯ ಮೇಲಿನಿಂದ ಗಾಳಿ ಒಳಗೆ ಸರಿಯುತ್ತದೆ, ಧಾರೆ ಒಂದೇ ಸಮನೆ ಬರುತ್ತದೆ. ಹಾಗೆಯೇ ಲಾಳಿಕೆಯನ್ನು ಟ್ಯಾಂಕಿನ ಕಂಠಕ್ಕೆ ಬಿಗಿಯಾಗಿ ಒತ್ತಿದರೆ ಗಾಳಿಗೆ ದಾರಿ ಮುಚ್ಚುತ್ತದೆ. ಒಂದು ಕಡ್ಡಿಯ ದಪ್ಪದಷ್ಟು ಎತ್ತಿ ಹಿಡಿದರೆ ಸಾಕು, ಎಣ್ಣೆ ಸರಾಗವಾಗಿ ಇಳಿಯುತ್ತದೆ.

ಬಂಕಿನ ನಾಜಲ್ ನಿಲ್ಲುವ ಬಗೆ

ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕು ತುಂಬಿದೊಡನೆ ನಾಜಲ್ ಟಕ್ಕೆಂದು ತಾನೇ ನಿಲ್ಲುತ್ತದೆ. ಇದರಲ್ಲಿ ವಿದ್ಯುತ್ತಿನ ಕಣ್ಣು ಯಾವುದೂ ಇಲ್ಲ. ನಾಜಲ್ ತುದಿಯಲ್ಲಿ ಒಂದು ಸೂಜಿರಂಧ್ರವಿದೆ. ಅದರಿಂದ ಸಣ್ಣ ನಳಿಕೆಯೊಂದು ಹಿಡಿಕೆಯವರೆಗೆ ಹೋಗುತ್ತದೆ. ಒಳಗೆ ಇಂಧನ ಇಕ್ಕಟ್ಟಾದ ಜಾಗದಲ್ಲಿ ರಭಸದಿಂದ ಹರಿಯುವಾಗ ಅಲ್ಲಿ ಒತ್ತಡ ಇಳಿದು ಆ ನಳಿಕೆಯಿಂದ ಗಾಳಿಯನ್ನು ಹೀರಿಕೊಳ್ಳುತ್ತದೆ. ಟ್ಯಾಂಕಿನಲ್ಲಿ ಇಂಧನ ಏರಿ ರಂಧ್ರವನ್ನು ಮುಚ್ಚಿದ ಕೂಡಲೇ ಗಾಳಿ ಸಿಗದೆ ಹೀರುವ ಬಲ ಒಂದು ರಬ್ಬರ್ ಪೊರೆಯನ್ನು ಎಳೆಯುತ್ತದೆ, ಪೊರೆ ಕೊಕ್ಕೆಯನ್ನು ಬಿಡಿಸುತ್ತದೆ, ಕವಾಟ ಮುಚ್ಚುತ್ತದೆ.

ಈ ಜಾಣ ಏರ್ಪಾಟಿಗೆ ಮೂರು ಮಿತಿಗಳಿವೆ. ಮೊದಲನೆಯದು, ನಿಧಾನವಾಗಿ ಹರಿಸಿದರೆ ಹೀರುವ ಬಲವೇ ಸಾಲದೆ ಕೊಕ್ಕೆ ಬಿಡದಿರಬಹುದು. ಎರಡನೆಯದು, ದೋಣಿಗಳಲ್ಲಿ ಕಂಠದಿಂದ ಟ್ಯಾಂಕಿನವರೆಗೆ ಉದ್ದದ ಬಾಗು ಕೊಳವೆ ಇದ್ದರೆ ಎಣ್ಣೆ ಅಲ್ಲೇ ಕಟ್ಟಿಕೊಂಡು ನಾಜಲ್ ಅಕಾಲದಲ್ಲಿ ನಿಲ್ಲುತ್ತದೆ, ಇಲ್ಲವೇ ರಂಧ್ರಕ್ಕೆ ಎಣ್ಣೆ ತಲುಪುವ ಮೊದಲೇ ಗಾಳಿಕೊಳವೆಯಿಂದ ಹೊರಬರುತ್ತದೆ. ಮೂರನೆಯದು ನೊರೆ. ಡೀಸೆಲ್ ರಭಸದಿಂದ ಬಿದ್ದರೆ ನೊರೆಯೇಳುತ್ತದೆ. ನೊರೆ ನಾಜಲನ್ನು ನಿಲ್ಲಿಸುತ್ತದೆ. ತುಂಬುವವನು ಇನ್ನೂ ಹಿಡಿಯುತ್ತದೆ ಎಂದು ಮತ್ತೆ ಒತ್ತುತ್ತಾನೆ. ಇಳಿಯದ ನೊರೆಯ ಮೇಲೆ ಎಣ್ಣೆ ಬಿದ್ದು ಉಕ್ಕುತ್ತದೆ.

ಬಂಕಿನ ನಾಜಲ್ ಪೂರ್ತಿ ತೆರೆದರೆ ನಿಮಿಷಕ್ಕೆ 35ರಿಂದ 40 ಲೀಟರ್ ಸುರಿಯುತ್ತದೆ, ಅಂದರೆ ಸೆಕೆಂಡಿಗೆ ಅರ್ಧ ಲೀಟರಿಗೂ ಹೆಚ್ಚು. ಕಣ್ಣು ನೋಡಿ, ಕೈ ಬಿಗಿ ಸಡಿಲಿಸುವಷ್ಟರಲ್ಲಿ ಒಂದು ಸೆಕೆಂಡ್ ಕಳೆದರೂ ಆ ಅರ್ಧ ಲೀಟರಿಗೆ ಟ್ಯಾಂಕಿನಲ್ಲಿ ಜಾಗವಿರಬೇಕು. ಅದಕ್ಕೇ ಕೊನೆಯ ಭಾಗವನ್ನು ಕೈಯಲ್ಲೇ ಹಿಡಿದು ಸಣ್ಣ ಧಾರೆಯಲ್ಲಿ ಹಾಕಬೇಕು. ನಾಜಲ್ ಒಮ್ಮೆ ನಿಂತ ಮೇಲೆ ಮತ್ತೆ ಒತ್ತಬಾರದು.

ಬಿಸಿಲಿನ ಲೆಕ್ಕ

ಚೆಲ್ಲದಂತೆ, ಒಂದು ಹನಿಯೂ ಹೊರಬೀಳದಂತೆ ಕಂಠದವರೆಗೆ ತುಂಬಿಸಿ ಮುಚ್ಚಳ ಹಾಕಿದ ಟ್ಯಾಂಕು ಎರಡು ಗಂಟೆಯ ನಂತರ ತಾನಾಗಿಯೇ ಚೆಲ್ಲಬಹುದು. ದ್ರವಗಳು ಬಿಸಿಯಾದಾಗ ಹಿಗ್ಗುತ್ತವೆ. ಪೆಟ್ರೋಲಿನ ಗಾತ್ರ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಸಾವಿರಕ್ಕೆ 0.95ರಷ್ಟು, ಡೀಸೆಲ್‌ನದು ಸುಮಾರು 0.83ರಷ್ಟು ಹೆಚ್ಚುತ್ತದೆ. ಬಂಕಿನ ಎಣ್ಣೆ ನೆಲದಡಿಯ ತಣ್ಣನೆಯ ಟ್ಯಾಂಕಿನಿಂದ ಬರುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ತೆರೆದ ದೋಣಿಯಲ್ಲಿ ಬಿಸಿಲಿಗೆ ಬಿಟ್ಟ ಟ್ಯಾಂಕು ಅದಕ್ಕಿಂತ 20 ಡಿಗ್ರಿ ಹೆಚ್ಚು ಕಾಯುವುದು ಕಷ್ಟವಲ್ಲ. ಆಗ 24 ಲೀಟರ್ ಪೆಟ್ರೋಲ್ ಸುಮಾರು 450 ಮಿಲಿಲೀಟರ್ ಹಿಗ್ಗುತ್ತದೆ. ಟ್ರ್ಯಾಕ್ಟರಿನ 60 ಲೀಟರ್ ಡೀಸೆಲ್ ಒಂದು ಲೀಟರಿನಷ್ಟು, 200 ಲೀಟರಿನ ಡ್ರಮ್ಮು ಮೂರು ಲೀಟರಿಗೂ ಹೆಚ್ಚು ಹಿಗ್ಗುತ್ತದೆ. ಜಾಗವಿಲ್ಲದಿದ್ದರೆ ಅಷ್ಟೂ ಗಾಳಿಕಿಂಡಿಯಿಂದ ಹೊರಗೆ.

ಆದ್ದರಿಂದ ಟ್ಯಾಂಕಿನ ಅಳತೆಯ ಶೇ 90ರಿಂದ 95ರಷ್ಟನ್ನು ಮಾತ್ರ ತುಂಬಿಸುವುದು ಕ್ರಮ. 24 ಲೀಟರಿನ ಟ್ಯಾಂಕಿಗೆ 22 ಲೀಟರ್ ಹಾಕಿ ನಿಲ್ಲಿಸಿದರೆ ಹಿಗ್ಗುವುದಕ್ಕೂ, ದೋಣಿ ವಾಲುವುದಕ್ಕೂ, ನೊರೆಗೂ ಎಡೆ ಉಳಿಯುತ್ತದೆ. ಎಷ್ಟು ತುಂಬಿತು ಎಂದು ನೋಡುವುದಕ್ಕಿಂತ ಎಷ್ಟು ಹಿಡಿಸುತ್ತದೆ ಎಂದು ಮೊದಲೇ ಲೆಕ್ಕ ಹಾಕುವುದು ಇಲ್ಲಿ ಮುಖ್ಯ. ಅಳತೆ ಕಡ್ಡಿ ಇಳಿಸಿ ಒಳಗೆ 8 ಲೀಟರ್ ಇದೆ ಎಂದು ತಿಳಿದರೆ ಹಾಕಬೇಕಾದದ್ದು 14 ಲೀಟರ್. ಕ್ಯಾನಿನಲ್ಲಿ ಅಷ್ಟೇ ಅಳೆದು ತಂದರೆ ಚೆಲ್ಲುವ ಮಾತೇ ಬರುವುದಿಲ್ಲ.

ಗಾಳಿ ಆಡಲೆಂದು ಮುಚ್ಚಳದಲ್ಲಿರುವ ತಿರುಪನ್ನು ಬಿಗಿದು ಬಿಸಿಲಿಗಿಟ್ಟ ಟ್ಯಾಂಕಿನಲ್ಲಿ ಇನ್ನೊಂದು ಅಪಾಯವಿದೆ. ಆವಿಯ ಒತ್ತಡ ಏರಿ, ಎಂಜಿನ್ನಿಗೆ ಜೋಡಿಸಿದ ರಬ್ಬರ್ ಕೊಳವೆಯಲ್ಲಿ ಎಣ್ಣೆಯನ್ನು ತಳ್ಳಿ, ನಿಂತ ಎಂಜಿನ್ನಿನಿಂದಲೇ ಒಸರಿಸಬಹುದು. ದೋಣಿ ನಿಲ್ಲಿಸಿದಾಗ ಕೊಳವೆಯನ್ನು ಕಳಚಿಟ್ಟು, ಟ್ಯಾಂಕಿಗೆ ನೆರಳು ಮಾಡಿದರೆ ಇದು ತಪ್ಪುತ್ತದೆ. 2025ರ ಹೊತ್ತಿಗೆ ದೇಶದ ಬಂಕುಗಳ ಪೆಟ್ರೋಲಿನಲ್ಲಿ ಸುಮಾರು ಶೇ 20ರಷ್ಟು ಎಥನಾಲ್ ಸೇರಿರುವುದರಿಂದ ಹಳೆಯ ಕಾಲದ ರಬ್ಬರ್ ಕೊಳವೆಗಳು ಬೇಗ ಮೆತ್ತಗಾಗುವ, ಬಿರಿಯುವ ಸಾಧ್ಯತೆಯೂ ಇದೆ. ಕೊಳವೆಯನ್ನು ಬಾಗಿಸಿ ಬಿರುಕು ಹುಡುಕುವುದು ತುಂಬಿಸುವ ಕೆಲಸದ ಭಾಗವೇ ಆಗಬೇಕು.

ಬಿಂದಿಗೆಯ ದನಿ

ನಲ್ಲಿಯ ಕೆಳಗೆ ಬಿಂದಿಗೆ ಇಟ್ಟವರು ಅದು ತುಂಬಿತೇ ಎಂದು ಬಗ್ಗಿ ನೋಡುವುದಿಲ್ಲ, ಅಡುಗೆಮನೆಯಿಂದಲೇ ಕೇಳಿ ತಿಳಿಯುತ್ತಾರೆ. ನೀರು ಏರಿದಂತೆ ಅದರ ಮೇಲಿನ ಗಾಳಿಯ ಕಂಬ ಗಿಡ್ಡವಾಗುತ್ತದೆ. ಗಿಡ್ಡ ಕಂಬ ಕೀಚು ದನಿಯಲ್ಲಿ ಕಂಪಿಸುತ್ತದೆ. ನೇರ ಕೊಳವೆಯ ಸರಳ ಲೆಕ್ಕದಲ್ಲಿ 40 ಸೆಂ.ಮೀ. ಗಾಳಿಕಂಬದ ದನಿ ಸೆಕೆಂಡಿಗೆ ಸುಮಾರು 215 ಕಂಪನ. ಅದೇ 10 ಸೆಂ.ಮೀ.ಗೆ ಇಳಿದಾಗ ಸುಮಾರು 860. ಸಂಗೀತದ ಮಾತಿನಲ್ಲಿ ಎರಡು ಸ್ಥಾಯಿಯಷ್ಟು ಏರಿಕೆ.

ಇಂಧನ ಟ್ಯಾಂಕು ತುಂಬಿಸುವಾಗಲೂ ಕಿವಿ ಹೀಗೆಯೇ ನೆರವಾಗುತ್ತದೆ. ಗಾಳಿಕೊಳವೆಯಿಂದ ಗಾಳಿ ಹೊರಬರುವ ಸುಯ್ ಸದ್ದು ಕೇಳುತ್ತಿರುವವರೆಗೆ ಜಾಗವಿದೆ. ಸದ್ದು ಬದಲಾದರೆ, ಗುಳುಗುಳು ಎಂದರೆ, ಎಣ್ಣೆ ಕೊಳವೆಯ ಬುಡಕ್ಕೆ ಬಂದಿದೆ ಎಂದರ್ಥ. ಇದೇ ತತ್ತ್ವದ ಮೇಲೆ ಗಾಳಿಕೊಳವೆಗೆ ಸಿಳ್ಳೆ ಕೂರಿಸುವ ಸಾಧನಗಳಿವೆ. ತುಂಬುತ್ತಿರುವಾಗ ಸಿಳ್ಳೆ ಕೇಳುತ್ತದೆ, ನಿಂತರೆ ಕೈ ನಿಲ್ಲಿಸಬೇಕು. ತುಂಬಿಸುವಾಗ ಎಂಜಿನ್, ರೇಡಿಯೊ ಎಲ್ಲವನ್ನೂ ಆರಿಸಬೇಕೆನ್ನುವುದಕ್ಕೆ ಬೆಂಕಿಯ ಭಯದ ಜೊತೆಗೆ ಇದೂ ಒಂದು ಕಾರಣ.

ದಡದಲ್ಲಿ ತುಂಬಿಸುವ ಕ್ರಮ

ಹೊರಗೆ ತೂಗುಹಾಕುವ ಮೋಟಾರಿನ ಸಣ್ಣ ದೋಣಿಗಳಲ್ಲಿ ಟ್ಯಾಂಕು ಎತ್ತಿ ಒಯ್ಯುವಂಥದು. ಅದನ್ನು ದೋಣಿಯಲ್ಲೇ ಬಿಟ್ಟು ತುಂಬಿಸುವುದಕ್ಕೆ ಕಾರಣವೇ ಇಲ್ಲ. ಬೇಸಿಗೆಯಲ್ಲಿ ಭದ್ರಾ ಹಿನ್ನೀರು ಹಿಂದೆ ಸರಿದಾಗ ದಡ ಉದ್ದದ ಕೆಸರಿನ ಇಳಿಜಾರಾಗುತ್ತದೆ. ತುಂಬಿದ ಟ್ಯಾಂಕನ್ನು ಅದರ ಮೇಲೆ ಹೊರುವುದು ಕಷ್ಟವಾದರೂ, ಅಲುಗುವ ದೋಣಿಯಲ್ಲಿ ನಿಂತು ಸುರಿಯುವುದಕ್ಕಿಂತ ಅದೇ ಮೇಲು. ಜಾಗ ನೀರಿನಂಚಿನಿಂದ ದೂರವಿರಬೇಕು, ಸಮತಟ್ಟಾಗಿರಬೇಕು, ಮಳೆನೀರು ಹರಿಯುವ ದಾರಿಯಲ್ಲಿರಬಾರದು. ಟ್ಯಾಂಕಿನ ಕೆಳಗೆ ಅಂಚಿರುವ ಅಗಲವಾದ ತಟ್ಟೆ ಇಟ್ಟರೆ ಚೆಲ್ಲಿದ ಹನಿ ಮಣ್ಣಿಗೂ ಹೋಗುವುದಿಲ್ಲ.

ನೆಲದ ಮೇಲಿಡುವುದಕ್ಕೆ ಬೆಂಕಿಯ ಕಾರಣವೂ ಇದೆ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ದೋಣಿಯ ತಳದಲ್ಲಿ ಅದು ನೀರಿನಂತೆ ನಿಲ್ಲುತ್ತದೆ. ಗಾಳಿಯಲ್ಲಿ ಬರೀ ಶೇ 1.4ರಷ್ಟು ಆವಿ ಬೆರೆತರೂ ಕಿಡಿಗೆ ಹೊತ್ತಿಕೊಳ್ಳಬಲ್ಲದು. ಪ್ಲಾಸ್ಟಿಕ್ ಟ್ಯಾಂಕಿಗೆ ಎಣ್ಣೆ ಸುರಿಯುವಾಗ ಹುಟ್ಟುವ ಸ್ಥಿರವಿದ್ಯುತ್ತು ಅಂಥ ಕಿಡಿಯಾಗಬಹುದು. ಟ್ಯಾಂಕು ನೆಲಕ್ಕೆ ತಾಗಿದ್ದು, ನಾಜಲ್ ಅಥವಾ ಲೋಹದ ಲಾಳಿಕೆ ಕಂಠಕ್ಕೆ ತಾಗಿದ್ದರೆ ಆ ಅಪಾಯ ಕಡಿಮೆ. ಬಂಕಿನಲ್ಲಿ ಕ್ಯಾನನ್ನು ಗಾಡಿಯ ಮೇಲಿಟ್ಟು ತುಂಬಿಸದೆ ಕೆಳಗಿಳಿಸಿ ತುಂಬಿಸಬೇಕೆನ್ನುವುದೂ ಇದಕ್ಕೇ. 1934ರ ಪೆಟ್ರೋಲಿಯಂ ಕಾಯ್ದೆ ಸ್ವಂತ ಬಳಕೆಗೆ ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದಾದ ಪೆಟ್ರೋಲಿಗೆ 30 ಲೀಟರಿನ ಮಿತಿ ಹಾಕಿದೆ.

ದೋಣಿಗೇ ಕೂರಿಸಿದ ದೊಡ್ಡ ಟ್ಯಾಂಕಾದರೆ ಇಬ್ಬರು ಬೇಕು. ಒಬ್ಬ ಕಂಠದ ಬಳಿ, ಇನ್ನೊಬ್ಬ ಗಾಳಿಕೊಳವೆಯ ಬಳಿ. ಕೊಳವೆಯ ಬಾಯಿಗೆ ಒಂದು ಬಾಟಲಿಯನ್ನು ಕಟ್ಟಿ ಹಿಡಿದರೆ ಉಕ್ಕಿದ ಎಣ್ಣೆ ಅದರಲ್ಲಿ ನಿಲ್ಲುತ್ತದೆ. ದೋಣಿ ಎರಡೂ ಕಡೆ ಹಗ್ಗ ಬಿಗಿದು ನಿಂತಿರಬೇಕು, ಜನ ಇಳಿದಿರಬೇಕು. ಒಬ್ಬರು ಅಂಚಿಗೆ ಸರಿದರೂ ವಾಲಿದ ಟ್ಯಾಂಕಿನ ಮಟ್ಟ ಬದಲಾಗುತ್ತದೆ. ಕಂಠದ ಸುತ್ತ ಒಣಬಟ್ಟೆ ಸುತ್ತಿರಬೇಕು. ಮುಗಿದ ಮೇಲೆ ನಾಜಲನ್ನು ಕಂಠದೊಳಗೇ ಹತ್ತು ಎಣಿಸುವಷ್ಟು ಹೊತ್ತು ಹಿಡಿದು, ಬಾಯಿ ಮೇಲಾಗಿ ತೆಗೆಯಬೇಕು. ದೋಣಿಯ ಮೈಗೆ ಬೀಳುವ ಹನಿಗಳಲ್ಲಿ ಒಂದು ಪಾಲು ನಾಜಲ್ ಎತ್ತುವಾಗಲೇ ಬೀಳುವಂಥದು.

ಪಂಪ್‌ಸೆಟ್, ಡ್ರಮ್ಮು, ಸಿಂಪಡಣೆ ಯಂತ್ರ

ಕೆರೆಯಂಚಿಗೆ ತಂದಿಟ್ಟ ಡೀಸೆಲ್ ಪಂಪ್‌ಸೆಟ್ ನೀರಿಗೆ ಮಾರುದೂರದಲ್ಲಿರುತ್ತದೆ. ಅದರ ಟ್ಯಾಂಕು ಎದೆಯ ಮಟ್ಟದಲ್ಲಿ, ಓಡುತ್ತಿರುವಾಗಲೇ ತುಂಬಿಸುವ ಅಭ್ಯಾಸವೂ ಇದೆ. ಬಿಸಿ ಸೈಲೆನ್ಸರ್ ಮೇಲೆ ಬಿದ್ದ ಎಣ್ಣೆ ಬೆಂಕಿ, ಕೆಳಗೆ ಬಿದ್ದದ್ದು ಕೆರೆಗೆ. ಎಂಜಿನ್ ನಿಲ್ಲಿಸಿ, ಆರಿದ ಮೇಲೆ ತುಂಬಿಸುವುದು, ಪಂಪ್‌ಸೆಟ್ ಸುತ್ತ ಗೇಣೆತ್ತರದ ಮಣ್ಣಿನ ಬದು ಹಾಕುವುದು ಎರಡಕ್ಕೂ ಖರ್ಚಿಲ್ಲ.

ಡ್ರಮ್ಮಿನಿಂದ ಪೈಪು ಹಾಕಿ ಬಾಯಿಯಲ್ಲಿ ಎಳೆದು ಡೀಸೆಲ್ ಇಳಿಸುವ ರೂಢಿಯಲ್ಲಿ ಎರಡು ಕೆಡುಕಿವೆ. ಶ್ವಾಸಕೋಶಕ್ಕೆ ಹೋದ ಒಂದು ಗುಟುಕು ಡೀಸೆಲ್ ಪ್ರಾಣಕ್ಕೇ ಕುತ್ತಾಗುವ ಉರಿಯೂತ ತರಬಲ್ಲದು. ಮತ್ತೆ, ಒಮ್ಮೆ ಹರಿಯತೊಡಗಿದ ಪೈಪು ತಾನಾಗಿ ನಿಲ್ಲುವುದಿಲ್ಲ. ಡ್ರಮ್ಮಿನಲ್ಲಿ ಎಣ್ಣೆಯ ಮಟ್ಟ ಪೈಪಿನ ಹೊರತುದಿಗಿಂತ ಮೇಲಿರುವವರೆಗೆ ಹರಿಯುತ್ತಲೇ ಇರುತ್ತದೆ. ಕೈಯಿಂದ ತಿರುಗಿಸುವ ಡ್ರಮ್ ಪಂಪು ಈ ಎರಡನ್ನೂ ತಪ್ಪಿಸುತ್ತದೆ, ಕೈ ನಿಂತರೆ ಎಣ್ಣೆಯೂ ನಿಲ್ಲುತ್ತದೆ.

ಅಡಿಕೆ ತೋಟಗಳಲ್ಲಿ ಬಳಸುವ ಸಿಂಪಡಣೆ ಯಂತ್ರ, ಕಳೆ ಕತ್ತರಿಸುವ ಯಂತ್ರಗಳ ಟ್ಯಾಂಕು ಒಂದೆರಡು ಲೀಟರಿನದು. ಬಂಕಿನ ರಭಸಕ್ಕೆ ಅದು ಎರಡೇ ಸೆಕೆಂಡಿನ ಮಾತು. ಇವುಗಳಿಗೆ ಸಣ್ಣ ಮೂತಿಯ ಅಳತೆ ಡಬ್ಬಿಯಿಂದ ಹಾಕುವುದೇ ಸರಿ. ಅಜ್ಜಂಪುರದ ಕಡೆಯ ಎರೆಮಣ್ಣಿನಲ್ಲಿ ಬೇಸಿಗೆಯ ಬಿರುಕುಗಳು ಆಳಕ್ಕೆ ಇಳಿದಿರುತ್ತವೆ. ಬಿರುಕಿನ ಮೇಲೆ ಚೆಲ್ಲಿದ ಡೀಸೆಲ್ ಮೇಲ್ಮಣ್ಣಿನಲ್ಲಿ ನಿಲ್ಲದೆ ನೇರ ಕೆಳಗೆ ಹೋಗುತ್ತದೆ. ಮೇಲ್ಮಣ್ಣಿನಲ್ಲಿ ಗಾಳಿ, ಸೂಕ್ಷ್ಮಾಣು ಹೆಚ್ಚಿರುವುದರಿಂದ ಎಣ್ಣೆ ಕಾಲಕ್ರಮೇಣ ಕೊಳೆಯುತ್ತದೆ. ಆಳದಲ್ಲಿ ಅದು ವರ್ಷಗಟ್ಟಲೆ ಉಳಿಯಬಲ್ಲದು.

ಚೆಲ್ಲಿದ ಮೇಲೆ

ಎಣ್ಣೆ ಚೆಲ್ಲಿದೊಡನೆ ಮೊದಲ ಕೆಲಸ ಧಾರೆ ನಿಲ್ಲಿಸುವುದು, ಎರಡನೆಯದು ಕಿಡಿಯನ್ನು ದೂರವಿಡುವುದು. ಪೆಟ್ರೋಲ್ ಹೆಚ್ಚು ಚೆಲ್ಲಿದ್ದರೆ ಜನರನ್ನು ದೂರ ಸರಿಸಬೇಕು, ಎಂಜಿನ್ ಹಚ್ಚಬಾರದು. ನೆಲದ ಮೇಲಾದರೆ ಒಣ ಮರದಪುಡಿ, ಭತ್ತದ ಹೊಟ್ಟು, ತೆಂಗಿನ ನಾರಿನ ಪುಡಿ ಎಣ್ಣೆಯನ್ನು ಹೀರುತ್ತವೆ. ನೀರಿನ ಮೇಲೆ ಇವು ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಎಣ್ಣೆಯ ಜೊತೆ ನೀರನ್ನೂ ಕುಡಿದು ಮುಳುಗುತ್ತವೆ. ನೀರಿನ ಮೇಲೆ ಬೇಕಾದದ್ದು ನೀರನ್ನು ಒಲ್ಲದ, ಎಣ್ಣೆಯನ್ನು ಒಪ್ಪುವ ವಸ್ತು. ಅಂಗಡಿಯಲ್ಲಿ ಸಿಗುವ ಪಾಲಿಪ್ರೊಪಿಲೀನ್ ಹಾಸುಗಳು ಅಂಥವು. ಹಿತ್ತಲಲ್ಲಿ ಸಿಗುವ ಅಂಥ ವಸ್ತು ಬಿಳಿ ಬೂರುಗದ ಹತ್ತಿ. ದಿಂಬಿಗೆ ತುಂಬುವ ಈ ಎಳೆಗಳು ಒಳಗೆ ಟೊಳ್ಳು, ಹೊರಗೆ ಮೇಣ ಸವರಿದಂತಿರುತ್ತವೆ. ನೀರು ಅಂಟುವುದಿಲ್ಲ; ಎಣ್ಣೆಯನ್ನು ತಮ್ಮ ತೂಕದ ಹತ್ತಾರು ಪಟ್ಟು ಹೀರುತ್ತವೆ. ತೆಳು ಬಟ್ಟೆಯ ಚೀಲದಲ್ಲಿ ಅದನ್ನು ತುಂಬಿ ಹಗ್ಗ ಕಟ್ಟಿ ತೇಲಿಬಿಟ್ಟು ಎಳೆದುಕೊಳ್ಳಬಹುದು.

ಸೋಪಿನ ನೀರು ಹಾಕಿ ಹೊಳಪು ಅಳಿಸುವುದು ಮಾತ್ರ ತಪ್ಪು. ಸೋಪು ಎಣ್ಣೆಯನ್ನು ತೆಗೆಯುವುದಿಲ್ಲ, ಸಣ್ಣ ಹನಿಗಳಾಗಿ ಒಡೆದು ನೀರಿನ ಆಳಕ್ಕೆ ಕಳಿಸುತ್ತದೆ. ಮೇಲೆ ತೇಲುತ್ತಿದ್ದು ಆವಿಯಾಗಬಹುದಾಗಿದ್ದ ಎಣ್ಣೆ ಮೀನಿನ ಕಿವಿರಿಗೆ ತಲುಪುತ್ತದೆ, ಜೊತೆಗೆ ಸೋಪೂ ಸೇರುತ್ತದೆ. ಹೊಳೆ, ಕೆರೆಗಳಿಗೆ ಮಾಲಿನ್ಯಕಾರಕ ವಸ್ತು ಬಿಡುವುದು 1974ರ ಜಲ ಮಾಲಿನ್ಯ ಕಾಯ್ದೆಯ ಪ್ರಕಾರ ನಿಷಿದ್ಧ; ಕಣ್ಣಿಗೆ ಕಾಣದಂತೆ ಮಾಡಿದರೆ ಅದು ಬಿಟ್ಟಿಲ್ಲವೆಂದಾಗುವುದಿಲ್ಲ.

ಎಣ್ಣೆ ಹೀರಿದ ಬಟ್ಟೆ, ಹತ್ತಿ, ಹೊಟ್ಟುಗಳನ್ನು ಕೆರೆಯಂಚಿನಲ್ಲಿ ಹೂಳಿದರೆ ಮುಂದಿನ ಮಳೆಗೆ ಎಣ್ಣೆ ಮತ್ತೆ ನೀರಿಗೆ ಬರುತ್ತದೆ. ಮನೆಯ ಕಸದ ರಾಶಿಗೆ ಹಾಕಿದರೆ ಬೆಂಕಿಗೆ ದಾರಿ. ಅವನ್ನು ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ, ಮನೆ ಮತ್ತು ಎಂಜಿನ್‌ಗಳಿಂದ ದೂರ, ನೆರಳಿನಲ್ಲಿಟ್ಟು, ಹಳೆಯ ಎಂಜಿನ್ ಆಯಿಲ್ ಕೊಳ್ಳುವ ಗ್ಯಾರೇಜಿಗೆ ಅಥವಾ ಅಪಾಯಕಾರಿ ಕಸ ಪಡೆಯುವವರಿಗೆ ಕೊಡಬೇಕು. ತಟ್ಟೆಯಲ್ಲಿ, ಬಾಟಲಿಯಲ್ಲಿ ನಿಂತ ಶುದ್ಧ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ಮತ್ತೆ ಬಳಸಬಹುದು, ಅದರಲ್ಲಿ ನೀರು ಸೇರಿರಬಾರದು ಅಷ್ಟೆ. ಒಣಬಟ್ಟೆ, ಬೂರುಗದ ಚೀಲ, ಅಳತೆ ಕಡ್ಡಿ, ಗಾಳಿಕೊಳವೆಗೆ ಹಿಡಿಯುವ ಬಾಟಲಿ, ಇಷ್ಟನ್ನು ಕ್ಯಾನಿನ ಜೊತೆಗೇ ಒಂದು ಡಬ್ಬಿಯಲ್ಲಿ ಕಟ್ಟಿಟ್ಟರೆ ಪ್ರತಿ ಸಲ ಹುಡುಕುವ ಕೆಲಸವಿರುವುದಿಲ್ಲ.